ಗಾಣದೆತ್ತಿನ ಸುತ್ತು, ಯೋಧನ ಹೆಜ್ಜೆ

ಬೀಜಿಂಗ್‌ನ ಉದ್ಯಾನಗಳಲ್ಲಿ ನಸುಕಿನ ಹೊತ್ತು ಅಡ್ಡಾಡಿದವರಿಗೆ ಕೆಲವು ಮರಗಳ ಬುಡದಲ್ಲಿ ಒಂದು ವಿಶೇಷ ಕಾಣಿಸುತ್ತದೆ. ಕಾಂಡದಿಂದ ಮೂರು ನಾಲ್ಕು ಅಡಿ ದೂರದಲ್ಲಿ ಹುಲ್ಲು ಸವೆದು, ನೆಲ ಗಟ್ಟಿಯಾಗಿ, ಬಳೆಯ ಆಕಾರದ ಕಾಲುದಾರಿಯೊಂದು ಮೂಡಿರುತ್ತದೆ. ಆ ದಾರಿ ಎಲ್ಲಿಂದಲೂ ಬರುವುದಿಲ್ಲ, ಎಲ್ಲಿಗೂ ಹೋಗುವುದಿಲ್ಲ. ಸ್ವಲ್ಪ ಹೊತ್ತು ಕಾದರೆ ಅದನ್ನು ಸವೆಸಿದವರೂ ಕಾಣಸಿಗುತ್ತಾರೆ. ಮಂಡಿಯನ್ನು ತುಸು ಬಗ್ಗಿಸಿ, ಮೇಲ್ಮೈಯನ್ನು ಮರದ ಕಡೆಗೆ ತಿರುವಿ, ಒಂದು ಅಂಗೈಯನ್ನು ಕಣ್ಣಿನ ಮಟ್ಟಕ್ಕೆ ಎತ್ತಿ ಹಿಡಿದು ಅವರು ಮರವನ್ನು ಸುತ್ತುತ್ತಾರೆ. ಹತ್ತು ಸುತ್ತು, ಇಪ್ಪತ್ತು ಸುತ್ತು. ನೋಡನೋಡುತ್ತಿದ್ದಂತೆ ಒಂದು ಪಾದ ಒಳಕ್ಕೆ ಮುರಿದುಕೊಳ್ಳುತ್ತದೆ, ಮೈ ಹೊರಳುತ್ತದೆ. ಮರುಕ್ಷಣ ಅದೇ ನಿಧಾನದಲ್ಲಿ ಎದುರು ದಿಕ್ಕಿನ ಸುತ್ತು ಆರಂಭವಾಗಿರುತ್ತದೆ.

ಮೊದಲ ಸಲ ನೋಡಿದವರಿಗೆ ಇದು ಗಾಣದೆತ್ತಿನ ನಡಿಗೆಯಂತೆ ಕಂಡರೆ ಆಶ್ಚರ್ಯವಿಲ್ಲ. ಅಶ್ವತ್ಥಕಟ್ಟೆಯ ಪ್ರದಕ್ಷಿಣೆಯನ್ನು ಕಂಡವರಿಗೆ ಯಾವುದೋ ಹರಕೆಯಿರಬೇಕು ಎನಿಸಲೂಬಹುದು. ಆದರೆ ಇದು ಯುದ್ಧವಿದ್ಯೆ. ಹೆಸರು ಬಾಗುವಾಜಾಂಗ್. ಕುಂಗ್ ಫುವಿನ ನೂರಾರು ಶಾಖೆಗಳಲ್ಲಿ ತಿರುಗುವುದನ್ನೇ ತನ್ನ ಇಡೀ ಶಾಸ್ತ್ರಕ್ಕೆ ಅಡಿಪಾಯ ಮಾಡಿಕೊಂಡಿರುವ ಶಾಖೆ ಇದು.

ಕುಂಗ್ ಫು ಎಂದೊಡನೆ ನಮ್ಮಲ್ಲಿ ಬಹುತೇಕರ ನೆನಪಿಗೆ ಬರುವುದು 1973ರ ‘ಎಂಟರ್ ದ ಡ್ರ್ಯಾಗನ್’ ಚಿತ್ರದ ಬ್ರೂಸ್ ಲೀ, ಗಾಳಿಯಲ್ಲಿ ಒಂದು ಸುತ್ತು ತಿರುಗಿ ಬೀಸುವ ಒದೆ, ತಿರುಗಿದ್ದೇ ತಡ ನೆಲಕ್ಕುರುಳುವ ಎದುರಾಳಿ. ಊರೂರಿನ ತರಬೇತಿ ಶಾಲೆಗಳಿಗೆ ಹುಡುಗರನ್ನು ಸೆಳೆದದ್ದೂ ಇಂಥ ದೃಶ್ಯಗಳೇ. ಶಾಲೆಗೆ ಸೇರಿದ ಮೇಲೆ ಮಾತ್ರ ಬೇರೆಯೇ ಅನುಭವ. ತಿರುಗಲು ಹೋದಾಗ ಮೈ ಓಲಾಡುತ್ತದೆ, ತಲೆ ಸುತ್ತುತ್ತದೆ, ನಿಲ್ಲಬೇಕಾದ ಕಡೆ ನಿಲ್ಲಲಾಗುವುದಿಲ್ಲ. ಕೆಲವರಿಗೆ ಕೆಲವೇ ತಿಂಗಳಲ್ಲಿ ಮಂಡಿನೋವು ಶುರುವಾಗುತ್ತದೆ. ಇದಕ್ಕೆ ಶಕ್ತಿ ಸಾಲದು, ವೇಗ ಸಾಲದು ಎಂದು ಭಾವಿಸಿ ಇನ್ನಷ್ಟು ರಭಸದಿಂದ ತಿರುಗುವವರೇ ಹೆಚ್ಚು. ಮರ ಸುತ್ತುವ ಹಿರಿಯರ ವಿದ್ಯೆ ಹೇಳುವುದು ಇದಕ್ಕೆ ತೀರ ವಿರುದ್ಧವಾದ ಮಾತನ್ನು. ತಿರುಗುವುದು ಮೈಯ ಕೆಲಸವಲ್ಲ, ಪಾದದ ಕೆಲಸ. ಪಾದಕ್ಕೆ ಮೊದಲೇ ಜಾಗ ಸಿಕ್ಕಿದ್ದರೆ ಮೈ ತಾನಾಗಿ ತಿರುಗುತ್ತದೆ.

ಅರಮನೆಯ ಸೇವಕ, ಕನ್ನಡಕದ ವ್ಯಾಪಾರಿ

‘ಗೊಂಗ್ ಫು’ ಎಂಬ ಚೀನೀ ಮಾತಿಗೆ ಹೊಡೆದಾಟ ಎಂಬ ಅರ್ಥವೇ ಇಲ್ಲ. ಬಹುಕಾಲ ಶ್ರಮಪಟ್ಟು ಗಳಿಸಿದ ಪರಿಣತಿ ಎಂಬುದು ಅದರ ಮೂಲ ಭಾವ. ಅಡಿಗೆಯಲ್ಲಿ, ಬರವಣಿಗೆಯಲ್ಲಿ ಪಳಗಿದವರಿಗೂ ಗೊಂಗ್ ಫು ಇದೆ ಎನ್ನಬಹುದು. ಬಾಗುವಾಜಾಂಗ್ ಎಂದರೆ ‘ಎಂಟು ತ್ರಿರೇಖೆಗಳ ಅಂಗೈ’. ಚೀನಾದ ಪ್ರಾಚೀನ ಗ್ರಂಥ ‘ಈ ಜಿಂಗ್’ನಲ್ಲಿ ಮೂರು ಮೂರು ಗೆರೆಗಳ ಎಂಟು ಚಿಹ್ನೆಗಳಿವೆ. ಲೋಕದಲ್ಲಿ ಸ್ಥಿರವಾದದ್ದು ಯಾವುದೂ ಇಲ್ಲ, ಎಲ್ಲವೂ ಒಂದರಿಂದ ಇನ್ನೊಂದಕ್ಕೆ ಬದಲಾಗುತ್ತಲೇ ಇರುತ್ತದೆ ಎಂಬ ಚಿಂತನೆಯ ಸಂಕೇತಗಳು ಅವು. ವೃತ್ತದ ಎಂಟು ದಿಕ್ಕುಗಳಲ್ಲಿ ಹೆಜ್ಜೆ ಬದಲಿಸುವ ವಿದ್ಯೆಗೆ ಆ ಹೆಸರು ಒಪ್ಪಿಕೊಂಡಿತು. ಮುಷ್ಟಿಗಿಂತ ತೆರೆದ ಅಂಗೈಯ ಬಳಕೆ ಇದರಲ್ಲಿ ಹೆಚ್ಚು.

ಈ ವಿದ್ಯೆಯನ್ನು ಲೋಕಕ್ಕೆ ತೋರಿಸಿಕೊಟ್ಟವನು ಡಾಂಗ್ ಹೈಚುವಾನ್. ಹೆಬೈ ಪ್ರಾಂತದ ವೆನ್‌ಆನ್ ಕೌಂಟಿಯ ಹಳ್ಳಿಯೊಂದರಲ್ಲಿ ಹುಟ್ಟಿದ ಈತ ಬೀಜಿಂಗ್‌ನ ಸು ರಾಜಕುಮಾರನ ಅರಮನೆಯಲ್ಲಿ ಸೇವಕನಾಗಿದ್ದ. ಅವನ ಬಗ್ಗೆ ಹಬ್ಬಿರುವ ಕಥೆಗಳಿಗೆ ಲೆಕ್ಕವಿಲ್ಲ. ಅರಮನೆಯ ಔತಣದ ದಿನ ಜನಜಂಗುಳಿಯ ನಡುವೆ ಯಾರಿಗೂ ತಾಗದಂತೆ, ಚಹಾದ ಒಂದು ಹನಿಯೂ ಚೆಲ್ಲದಂತೆ ಅವನು ನುಸುಳಿ ಹೋದದ್ದನ್ನು ಕಂಡು ರಾಜಕುಮಾರ ಬೆರಗಾದ, ಆಗಲೇ ಅವನ ವಿದ್ಯೆ ಬಯಲಾಯಿತು ಎಂಬುದು ಅವುಗಳಲ್ಲೊಂದು. ಕಥೆ ನಿಜವೋ ಅಲ್ಲವೋ, ವಿದ್ಯೆಯ ತಿರುಳನ್ನು ಮಾತ್ರ ಅದು ಸರಿಯಾಗಿ ಹಿಡಿದಿದೆ. ಎದುರು ಬಂದದ್ದಕ್ಕೆ ಢಿಕ್ಕಿ ಹೊಡೆಯದೆ ಸುತ್ತಿ ಹೋಗುವುದು, ಹೋಗುವಾಗ ತುಂಬಿದ ಬಟ್ಟಲು ಅಲುಗದಂತೆ ನೋಡಿಕೊಳ್ಳುವುದು.

ವೃತ್ತಾಕಾರದ ನಡಿಗೆ ಅವನಿಗೆ ಎಲ್ಲಿಂದ ಬಂತು? 1980ರ ದಶಕದ ಆರಂಭದಲ್ಲಿ ಚೀನಾದ ಸಂಶೋಧಕ ಕಾಂಗ್ ಗೆವು ಈ ಪ್ರಶ್ನೆಯನ್ನು ಬೆನ್ನುಹತ್ತಿದರು. ದಾವ್ ಪಂಥದ ಲಾಂಗ್‌ಮೆನ್ ಶಾಖೆಯ ಸಾಧಕರು ಮಂತ್ರ ಪಠಿಸುತ್ತ ವೃತ್ತದಲ್ಲಿ ನಡೆಯುವ ಕ್ರಮವೊಂದಿತ್ತು. ಮನಸ್ಸನ್ನು ಒಂದೆಡೆ ನಿಲ್ಲಿಸುವುದು ಅದರ ಉದ್ದೇಶ. ಡಾಂಗ್ ಆ ನಡಿಗೆಯನ್ನು ತಾನು ಕಲಿತಿದ್ದ ಯುದ್ಧವಿದ್ಯೆಯೊಂದಿಗೆ ಬೆಸೆದ ಎಂಬುದು ಅವರ ತೀರ್ಮಾನ. ಇದನ್ನು ಒಪ್ಪುವುದಾದರೆ, ಜಪದ ಹೆಜ್ಜೆಯೇ ಹೋರಾಟದ ಹೆಜ್ಜೆಯಾಯಿತು.

ಡಾಂಗ್ 1882ರಲ್ಲಿ ತೀರಿಕೊಂಡ. ಮರುವರ್ಷ ಶಿಷ್ಯರು ಅವನ ಸಮಾಧಿಯ ಬಳಿ ಶಿಲಾಶಾಸನ ನಿಲ್ಲಿಸಿದರು. ಬೇರೊಂದು ವಿದ್ಯೆಯಲ್ಲಿ ಪಳಗಿ ಬಂದವರನ್ನೇ ಅವನು ಶಿಷ್ಯರನ್ನಾಗಿ ಸ್ವೀಕರಿಸುತ್ತಿದ್ದ, ಅವರವರ ಮೈಗೆ ಒಗ್ಗುವಂತೆ ಕಲಿಸುತ್ತಿದ್ದ ಎಂಬುದು ಪರಂಪರೆಯ ಮಾತು. ಹೀಗಾಗಿ ಒಬ್ಬನೇ ಗುರುವಿನ ವಿದ್ಯೆ ಶಿಷ್ಯರಲ್ಲಿ ಬೇರೆ ಬೇರೆ ರೂಪ ತಳೆಯಿತು. ಹಿರಿಯ ಶಿಷ್ಯ ಯಿನ್ ಫುವಿನ ಶಾಖೆಯಲ್ಲಿ ಬೆರಳುಗಳನ್ನು ಕೂಡಿಸಿ ಚಾಚಿದ, ‘ಎತ್ತಿನ ನಾಲಗೆ’ ಎಂದು ಕರೆಯಲಾಗುವ ಅಂಗೈ, ಚುರುಕಾದ ನೇರ ಹೊಡೆತ. ಚೆಂಗ್ ಟಿಂಗ್‌ಹುವಾ ಕುಸ್ತಿಯ ಹಿನ್ನೆಲೆಯವನು. ಅವನ ಶಾಖೆಯಲ್ಲಿ ದೊಡ್ಡ ತಿರುವುಗಳು, ಎದುರಾಳಿಯನ್ನು ಸುತ್ತಿ ಕೆಡಹುವ ಪಟ್ಟುಗಳು. ಚೆಂಗ್‌ನ ಕಸುಬು ಕನ್ನಡಕದ ವ್ಯಾಪಾರ. ಬೀಜಿಂಗ್‌ನ ಜನ ಅವನನ್ನು ‘ಕನ್ನಡಕದ ಚೆಂಗ್’ ಎಂದೇ ಕರೆಯುತ್ತಿದ್ದರು.

1900ರಲ್ಲಿ ಬಾಕ್ಸರ್ ದಂಗೆಯನ್ನು ಅಡಗಿಸಲು ಎಂಟು ರಾಷ್ಟ್ರಗಳ ಸೇನೆ ಬೀಜಿಂಗ್‌ಗೆ ನುಗ್ಗಿತು. ಬ್ರಿಟಿಷರ ಪಡೆಯಲ್ಲಿ ಭಾರತದ ಸಿಪಾಯಿಗಳೂ ಇದ್ದರು. ಆ ಗಲಭೆಯಲ್ಲಿ ಚೆಂಗ್ ವಿದೇಶಿ ಸೈನಿಕರ ಗುಂಡಿಗೆ ಬಲಿಯಾದ. ಎಂಥ ಮುತ್ತಿಗೆಯಿಂದಲೂ ತಿರುಗಿ ಪಾರಾಗಬಲ್ಲ ಹೆಜ್ಜೆ ಬಂದೂಕಿನ ಮುಂದೆ ನಿಲ್ಲಲಿಲ್ಲ. ಯುದ್ಧವಿದ್ಯೆಯಾಗಿ ಅದರ ಕಾಲ ಅಂದಿಗೆ ಮುಗಿಯಿತು ಎನ್ನಬೇಕು. ಆದರೂ ಆ ವಿದ್ಯೆ ಸಾಯಲಿಲ್ಲ. ಚೆಂಗ್‌ನ ಶಿಷ್ಯ ಸುನ್ ಲುಟಾಂಗ್ 1910ರ ದಶಕದಲ್ಲಿ ಅದರ ಬಗ್ಗೆ ಪುಸ್ತಕ ಬರೆದ. ಗುಟ್ಟಾಗಿ ಕೈಯಿಂದ ಕೈಗೆ ಸಾಗುತ್ತಿದ್ದ ಕಲೆ ಅಚ್ಚಿನ ಮೂಲಕ ಓದುಬಲ್ಲ ಜನರ ಮುಂದೆ ಬಂತು. ಕಾದುವ ಕಲೆ ಎಂಬುದಕ್ಕಿಂತ ಮೈಮನಸ್ಸನ್ನು ಹದಗೊಳಿಸುವ ಕಲೆ ಎಂದು ಅದನ್ನು ಜನ ನೋಡತೊಡಗಿದ್ದೂ ಆ ಕಾಲದಲ್ಲೇ.

ಕೆಸರುಗದ್ದೆಯ ಪಾಠ

ಹೊಸದಾಗಿ ಬಂದ ಶಿಷ್ಯನಿಗೆ ಹಳೆಯ ಗುರುಗಳು ಹೊಡೆತ ಕಲಿಸುತ್ತಿರಲಿಲ್ಲ. ಬರೀ ನಡಿಗೆ. ಆ ನಡಿಗೆಗೆ ‘ಕೆಸರು ತುಳಿಯುವ ಹೆಜ್ಜೆ’ ಎಂದೇ ಹೆಸರು. ನಾಟಿಯ ಕಾಲದಲ್ಲಿ ಗದ್ದೆಗೆ ಇಳಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಕೆಸರಿನಲ್ಲಿ ಯಾರೂ ದಾಪುಗಾಲು ಹಾಕುವುದಿಲ್ಲ. ಮುಂದಿನ ಕಾಲು ನೆಲದ ಗಟ್ಟಿಯನ್ನು ತಡವಿ ನೋಡುವ ತನಕ ಮೈಭಾರವೆಲ್ಲ ಹಿಂದಿನ ಕಾಲಿನ ಮೇಲೇ ಇರುತ್ತದೆ. ನೆಲ ಸಿಕ್ಕಿತು ಎಂದು ಖಾತ್ರಿಯಾದ ಮೇಲೆ ಭಾರ ಮೆಲ್ಲಗೆ ಮುಂದಕ್ಕೆ ಹರಿಯುತ್ತದೆ.

ನಾವು ದಿನನಿತ್ಯ ನಡೆಯುವ ರೀತಿ ಇದಲ್ಲ. ಸಾಮಾನ್ಯ ನಡಿಗೆಯಲ್ಲಿ ಮೈ ಮುಂದಕ್ಕೆ ಬೀಳುತ್ತಿರುತ್ತದೆ, ಕಾಲು ಓಡಿಬಂದು ಅದನ್ನು ಹಿಡಿಯುತ್ತದೆ. ಹೀಗೆ ಕ್ಷಣಕ್ಷಣವೂ ಬಿದ್ದು ಸಾವರಿಸಿಕೊಳ್ಳುವುದೇ ನಡಿಗೆ. ನೇರ ದಾರಿಯಲ್ಲಿ ಇದರಿಂದ ತೊಂದರೆಯಿಲ್ಲ. ತಿರುಗಬೇಕಾದಾಗ ಮಾತ್ರ ಬೀಳುವ ದಿಕ್ಕೇ ಬೇರೆ, ಕಾಲು ಹೋಗುವ ದಿಕ್ಕೇ ಬೇರೆ ಆಗುತ್ತದೆ. ಓಲಾಟ ಹುಟ್ಟುವುದು ಅಲ್ಲಿ. ಕೆಸರಿನ ಹೆಜ್ಜೆಯಲ್ಲಿ ಬೀಳುವುದೆಂಬುದೇ ಇಲ್ಲವಾದ್ದರಿಂದ ಯಾವ ಗಳಿಗೆಯಲ್ಲಿ ಬೇಕಾದರೂ ನಿಲ್ಲಬಹುದು, ಯಾವ ಕಡೆಗೆ ಬೇಕಾದರೂ ಹೊರಳಬಹುದು. ಚೀನೀ ಗುರುಗಳು ಭಾರ ಹೊತ್ತ ಕಾಲನ್ನು ‘ತುಂಬಿದ ಕಾಲು’ ಎಂದೂ ಭಾರವಿಲ್ಲದ್ದನ್ನು ‘ಖಾಲಿ ಕಾಲು’ ಎಂದೂ ಕರೆಯುತ್ತಾರೆ. ಯಾವುದು ತುಂಬಿದೆ, ಯಾವುದು ಖಾಲಿ ಇದೆ ಎಂಬುದು ಪ್ರತಿಕ್ಷಣವೂ ಗೊತ್ತಿರಬೇಕು ಎಂಬುದೇ ಮೊದಲ ಪಾಠ.

ಎರಡನೆಯ ಪಾಠ ವೃತ್ತ. ಸಾಮಾನ್ಯವಾಗಿ ಎಂಟು ಹೆಜ್ಜೆಗೆ ಒಂದು ಸುತ್ತು ಮುಗಿಯುವಂತೆ ನಡೆಯುತ್ತಾರೆ. ಅಂದರೆ ಒಂದೊಂದು ಹೆಜ್ಜೆಗೆ 45 ಡಿಗ್ರಿಯಷ್ಟು ತಿರುವು. ಮಧ್ಯದ ಕಡೆಗಿರುವ ಕಾಲು ಹೆಚ್ಚುಕಡಮೆ ನೇರವಾಗಿ ಬೀಳುತ್ತದೆ, ಹೊರಗಿನ ಕಾಲು ತುಸು ಒಳಮುಖವಾಗಿ ಬೀಳುತ್ತದೆ. ನೋಡುವವರಿಗೆ ಇದು ನಡಿಗೆ. ನಡೆಯುವವನಿಗೆ ಇದು ನೂರಾರು ಸಣ್ಣ ತಿರುವುಗಳ ಅಭ್ಯಾಸ. ದೊಡ್ಡ ತಿರುವೊಂದನ್ನು ಒಮ್ಮೆಗೇ ಸಾಧಿಸಲು ಹೋಗದೆ ಅದನ್ನು ಚೂರು ಚೂರು ಮಾಡಿ ಮೈಗೆ ಊಡಿಸುವ ಉಪಾಯ.

ಮೂರನೆಯ ಪಾಠ ದಿಕ್ಕು ಬದಲಿಸುವುದು. ಇದಕ್ಕೆ ಬೇಕಾದದ್ದು ಎರಡೇ ಹೆಜ್ಜೆ. ಮೊದಲನೆಯದು ‘ಕೌ ಬು’, ಕೊಕ್ಕೆ ಹೆಜ್ಜೆ. ಹೊರಗಿನ ಕಾಲನ್ನು ಎತ್ತಿ, ಬೆರಳುಗಳು ಒಳಮುಖವಾಗುವಂತೆ ಇನ್ನೊಂದು ಪಾದದ ಮುಂದೆ ಇಡುವುದು. ಆಗ ಎರಡು ಪಾದಗಳೂ ಸೇರಿ ಚೀನೀ ಲಿಪಿಯ ‘ಎಂಟು’ ಅಂಕಿಯಂತೆ, ಅಂದರೆ ಗುಡಿಸಲ ಮಾಡಿನಂತೆ, ಬೆರಳ ಕಡೆ ಹತ್ತಿರವಾಗಿ ಹಿಮ್ಮಡಿಯ ಕಡೆ ದೂರವಾಗಿರುತ್ತವೆ. ಭಾರ ಈ ಕೊಕ್ಕೆಯ ಪಾದಕ್ಕೆ ಸಂಪೂರ್ಣ ಹರಿದ ಮೇಲೆ ಇನ್ನೊಂದು ಕಾಲು ಖಾಲಿಯಾಗುತ್ತದೆ. ಆಗ ಎರಡನೆಯ ಹೆಜ್ಜೆ ‘ಬೈ ಬು’. ಖಾಲಿ ಕಾಲನ್ನು ಎತ್ತಿ, ಬಾಗಿಲು ತೆರೆದಂತೆ ಹೊರಕ್ಕೆ ಬಿಚ್ಚಿ, ಹೊಸ ದಿಕ್ಕಿಗೆ ಇಡುವುದು. ಮುಚ್ಚುವುದೊಂದು, ತೆರೆಯುವುದೊಂದು. ಇಷ್ಟರಲ್ಲಿ ಮೈ ಅರ್ಧ ಸುತ್ತು ತಿರುಗಿಬಿಟ್ಟಿರುತ್ತದೆ. ಭಾರ ಹೊತ್ತ ಪಾದ ನೆಲಕ್ಕೆ ಉಜ್ಜಿಕೊಂಡು ತಿರುಗುವ ಪ್ರಸಂಗವೇ ಬರುವುದಿಲ್ಲ.

ಈ ಎರಡೂ ಹೆಜ್ಜೆಗಳಿಗೆ ಕಾಳಗದಲ್ಲಿ ನೇರ ಉಪಯೋಗವಿತ್ತು. ಬೈ ಬು ಇಟ್ಟವನು ಎದುರಾಳಿಯ ಹೊಡೆತದ ಗೆರೆಯಿಂದ ಹೊರಗೆ ಸರಿದು ಅವನ ಪಕ್ಕೆಯ ಕಡೆಗೆ ಬಂದಿರುತ್ತಾನೆ. ಕೌ ಬು ಎದುರಾಳಿಯ ಹಿಮ್ಮಡಿಯ ಹಿಂದೆ ಬಿದ್ದರೆ ಅದೇ ಕೊಕ್ಕೆ. ಆಮೇಲೆ ಸೊಂಟ ತಿರುಗಿದರೆ ಸಾಕು, ಎದುರಾಳಿ ಹಿಂದಕ್ಕೆ ಉರುಳುತ್ತಾನೆ. ಕುಸ್ತಿಪಟು ಚೆಂಗ್ ಈ ವಿದ್ಯೆಯನ್ನು ಮೆಚ್ಚಿಕೊಂಡದ್ದರಲ್ಲಿ ಆಶ್ಚರ್ಯವಿಲ್ಲ.

ಮಂಡಿಯ ದೂರು

ಇಷ್ಟೆಲ್ಲ ಕಟ್ಟುನಿಟ್ಟು ಏಕೆ ಎಂಬುದಕ್ಕೆ ಉತ್ತರ ಮನುಷ್ಯನ ಕಾಲಿನ ರಚನೆಯಲ್ಲಿದೆ. ತೊಡೆಯ ಮೂಳೆ ಸೊಂಟಕ್ಕೆ ಸೇರುವ ಕೀಲು ಬಟ್ಟಲಿನಲ್ಲಿಟ್ಟ ಗುಂಡಿನಂತಿದೆ. ಅದು ಎಲ್ಲ ದಿಕ್ಕಿಗೂ ತಿರುಗಬಲ್ಲದು. ಮಂಡಿ ಹಾಗಲ್ಲ. ಅದು ಬಾಗಿಲಿನ ತಿರುಗಣಿಯ ಹಾಗೆ ಮುಖ್ಯವಾಗಿ ಒಂದೇ ದಿಕ್ಕಿನಲ್ಲಿ ಮಡಿಚಿ ಬಿಚ್ಚುವ ಕೀಲು. ಬಗ್ಗಿದ್ದಾಗ ಅಕ್ಕಪಕ್ಕಕ್ಕೆ ಕೊಂಚ ತಿರುಗೀತು. ನೇರವಾಗಿದ್ದಾಗ ಬೀಗ ಹಾಕಿದಂತೆ, ತಿರುವಿಗೆ ಎಡೆಯೇ ಇಲ್ಲ. ಪಾದವನ್ನು ನೆಲಕ್ಕೆ ಬಲವಾಗಿ ಊರಿ, ಇಡೀ ಭಾರವನ್ನು ಅದರ ಮೇಲೆ ಹೇರಿ, ಭುಜದ ಬಲದಿಂದ ಮೈಯನ್ನು ತಿರುಗಿಸಿದರೆ ಆ ತಿರುಚು ಹೋಗಿ ನಿಲ್ಲುವುದು ಮಂಡಿಯಲ್ಲಿ. ಅಲ್ಲಿರುವ ಮೆದುಮೂಳೆಯ ಬಿಲ್ಲೆಗಳಿಗೆ, ಮೂಳೆಗಳನ್ನು ಬಿಗಿದಿಟ್ಟ ರಜ್ಜುಗಳಿಗೆ ಪೆಟ್ಟು ಬೀಳುತ್ತದೆ. ಫುಟ್‌ಬಾಲ್ ಆಟಗಾರರು ಯಾರೂ ಮುಟ್ಟದಿದ್ದರೂ ಮಂಡಿ ಹಿಡಿದುಕೊಂಡು ಕುಸಿಯುವುದು ಹಲವು ಸಲ ಇದೇ ಕಾರಣಕ್ಕೆ.

ಪಾದವನ್ನು ತಿರುಗಿಸಲು ಎಷ್ಟು ಬಲ ಬೇಕು ಎಂಬುದು ಅದರ ಮೇಲಿನ ಭಾರವನ್ನು ಅವಲಂಬಿಸಿದೆ. ತುಂಬಿದ ಕಾಲು ನೆಲಕ್ಕೆ ಕಚ್ಚಿಕೊಳ್ಳುತ್ತದೆ, ಖಾಲಿ ಕಾಲು ಸಲೀಸಾಗಿ ತಿರುಗುತ್ತದೆ. ಆದ್ದರಿಂದ ಮೊದಲು ಖಾಲಿ ಮಾಡು, ಆಮೇಲೆ ತಿರುಗಿಸು ಎಂಬ ಹಳೆಯ ಸೂತ್ರದ ಹಿಂದೆ ಶುದ್ಧ ಭೌತಶಾಸ್ತ್ರವಿದೆ. ಕಾಲಿಗೆ ಹಾಕುವ ಬೂಟಿಗೂ ಇದರಲ್ಲಿ ಪಾತ್ರವಿದೆ. ಹಳೆಯ ಗುರುಗಳು ಬಟ್ಟೆಯ ಮೆಟ್ಟು ತೊಟ್ಟು ಮಣ್ಣಿನ ನೆಲದ ಮೇಲೆ ನಡೆಯುತ್ತಿದ್ದರು. ಅದು ಬೇಕಾದಷ್ಟೇ ಹಿಡಿದು, ಬೇಕಾದಾಗ ಜಾರುತ್ತಿತ್ತು. ಇಂದಿನ ರಬ್ಬರ್ ಅಟ್ಟೆಯ ಬೂಟು ಸಿಮೆಂಟಿನ ನೆಲವನ್ನು ಬಿಡದೆ ಹಿಡಿಯುತ್ತದೆ. ತಪ್ಪು ತಿರುವಿನ ದಂಡವನ್ನು ಮಂಡಿ ತೆರಬೇಕಾಗುತ್ತದೆ.

ಎಲ್ಲ ಶಾಖೆಗಳೂ ಪಾದ ಎತ್ತಿಯೇ ತಿರುಗುತ್ತವೆ ಎಂದಲ್ಲ. ಬ್ರೂಸ್ ಲೀಗೆ ಹಾಂಗ್‌ಕಾಂಗ್‌ನಲ್ಲಿ ವಿಂಗ್ ಚುನ್ ಕಲಿಸಿದ ಇಪ್ ಮಾನ್ 1972ರಲ್ಲಿ ತೀರಿಕೊಂಡರು. ನಿಂತಲ್ಲೇ ಪಾದ ತಿರುಗಿಸುವಾಗ ಹಿಮ್ಮಡಿಯ ಮೇಲೆ ತಿರುಗಬೇಕೋ, ಅಂಗಾಲಿನ ನಡುವೆಯೋ, ಬೆರಳ ಬುಡದ ಮೇಲೋ ಎಂಬ ಬಗ್ಗೆ ಅವರ ಶಿಷ್ಯಪರಂಪರೆಯಲ್ಲೇ ಒಮ್ಮತವಿಲ್ಲ. ಹಿಮ್ಮಡಿಯ ಪಕ್ಷದವರು ಮೈಯ ನಡುಗಂಬ ಕದಲುವುದಿಲ್ಲ ಎನ್ನುತ್ತಾರೆ. ಅಂಗಾಲಿನ ಪಕ್ಷದವರು ಹಿಮ್ಮಡಿಯ ಮೇಲೆ ನಿಂತವನನ್ನು ಬೆರಳಲ್ಲಿ ತಳ್ಳಿ ಕೆಡಹಬಹುದು ಎನ್ನುತ್ತಾರೆ. ವಾದ ಏನೇ ಇರಲಿ, ಭಾರವೆಲ್ಲ ಒಂದೇ ಕಾಲಿನ ಮೇಲಿರುವಾಗ ಆ ಕಾಲನ್ನೇ ತಿರುಚಬಾರದು, ಮಂಡಿ ಯಾವಾಗಲೂ ಪಾದದ ಬೆರಳುಗಳ ದಿಕ್ಕನ್ನೇ ನೋಡುತ್ತಿರಬೇಕು ಎಂಬುದು ಯಾವ ಪಕ್ಷಕ್ಕೂ ಸಲ್ಲುವ ಎಚ್ಚರಿಕೆ.

ತಲೆ ಸುತ್ತದ ಗುಟ್ಟು

ತಿರುಗುವವರ ಇನ್ನೊಂದು ಶತ್ರು ತಲೆಸುತ್ತು. ಒಳಗಿವಿಯಲ್ಲಿ ದ್ರವ ತುಂಬಿದ ಮೂರು ಅರ್ಧವೃತ್ತಾಕಾರದ ನಾಳಗಳಿವೆ. ತಲೆ ತಿರುಗಿದಾಗ ನಾಳ ತಿರುಗುತ್ತದೆ, ಒಳಗಿನ ದ್ರವ ಹಿಂದೆ ಉಳಿಯುತ್ತದೆ. ಆ ವ್ಯತ್ಯಾಸವೇ ಮಿದುಳಿಗೆ ತಿರುವಿನ ಸುದ್ದಿ ಮುಟ್ಟಿಸುತ್ತದೆ. ಒಂದೇ ಸಮನೆ ತಿರುಗುತ್ತಲೇ ಇದ್ದರೆ ದ್ರವವೂ ಜೊತೆಗೂಡಿ ಸುತ್ತತೊಡಗುತ್ತದೆ. ಥಟ್ಟನೆ ನಿಂತಾಗ ತಲೆ ನಿಂತರೂ ದ್ರವ ನಿಲ್ಲುವುದಿಲ್ಲ. ಮಕ್ಕಳು ಗಿರಗಿರನೆ ತಿರುಗಿ ನಿಂತು, ಊರೇ ಸುತ್ತುತ್ತಿದೆ ಎಂದು ನಗುತ್ತ ಬೀಳುವುದು ಇದರಿಂದಲೇ.

ಪಾಶ್ಚಾತ್ಯ ಬ್ಯಾಲೆ ನರ್ತಕಿಯರು ಇದಕ್ಕೆ ಕಂಡುಕೊಂಡ ಉಪಾಯ, ಮೈ ತಿರುಗುತ್ತಿದ್ದರೂ ಮುಖವನ್ನು ಒಂದು ಗುರುತಿನ ಕಡೆಗೆ ಆದಷ್ಟು ಹೊತ್ತು ನಿಲ್ಲಿಸಿ, ಕೊನೆಯ ಗಳಿಗೆಯಲ್ಲಿ ಚಕ್ಕನೆ ತಿರುಗಿಸಿ ಮತ್ತೆ ಅದೇ ಗುರುತನ್ನು ಹಿಡಿಯುವುದು. ಎದುರಾಳಿ ಇರುವಲ್ಲಿ ಗೋಡೆಯ ಗುರುತನ್ನು ನೋಡುತ್ತ ನಿಲ್ಲಲಾಗದು. ಬಾಗುವಾದ ಸಾಧಕ ತನ್ನ ಮುಂದೆ ಎತ್ತಿ ಹಿಡಿದ ಕೈಯನ್ನೇ ನೋಡುತ್ತ, ಅದರ ಆಚೆಗೆ ವೃತ್ತದ ನಡುವನ್ನು ಕಾಣುತ್ತ ನಡೆಯುತ್ತಾನೆ. ತಲೆಯ ಜೊತೆಗೇ ತಿರುಗುವ ವಸ್ತುವೊಂದರ ಮೇಲೆ ನೋಟ ನೆಟ್ಟರೆ ಕಣ್ಣುಗುಡ್ಡೆಗಳ ತಡೆಯಿಲ್ಲದ ಹೊಯ್ದಾಟ ಅಡಗುತ್ತದೆ ಎಂಬುದು ವೈದ್ಯರಿಗೂ ಗೊತ್ತಿರುವ ಸಂಗತಿ. ಇದರ ಜೊತೆಗೆ ಸುತ್ತು ನಿಧಾನ, ಆಗಾಗ ದಿಕ್ಕು ಬದಲು. ಆದ್ದರಿಂದ ತಲೆ ಸುತ್ತುವ ಸಂಭವ ಕಡಿಮೆ.

ಸಮತೋಲಕ್ಕೆ ಕಿವಿಯೊಂದೇ ಆಧಾರವಲ್ಲ. ಕಣ್ಣು ಒಂದು ಸುದ್ದಿ ಕೊಡುತ್ತದೆ. ಅಂಗಾಲಿನ ಚರ್ಮ, ಕಣಕಾಲಿನ ಕೀಲು, ಸ್ನಾಯುಗಳು ಇನ್ನೊಂದು ಸುದ್ದಿ ಕೊಡುತ್ತವೆ. ಮಿದುಳು ಈ ಮೂರನ್ನೂ ತಾಳೆ ನೋಡಿ ಮೈಯನ್ನು ನಿಲ್ಲಿಸುತ್ತದೆ. ಕಣ್ಣನ್ನು ನೆಲಕ್ಕೆ ಹಾಕಿ ಪಾದ ನೋಡಿಕೊಂಡು ತಿರುಗುವ ಹೊಸಬ ಅಂಗಾಲಿನ ಮಾತನ್ನು ಕೇಳಲು ಕಲಿಯುವುದೇ ಇಲ್ಲ. ಕೆಲವು ಗುರುಗಳು ಇಟ್ಟಿಗೆಗಳನ್ನು ವೃತ್ತದಲ್ಲಿ ಜೋಡಿಸಿ ಅವುಗಳ ಮೇಲೆ ನಡೆಸುತ್ತಿದ್ದುದು ಈ ಕಿವುಡನ್ನು ಹೋಗಲಾಡಿಸಲು. ಇಟ್ಟಿಗೆಯ ಮೇಲೆ ಪಾದ ತಪ್ಪಿ ಬಿದ್ದರೆ ಅಂಗಾಲೇ ಮೊದಲು ದೂರು ಹೇಳುತ್ತದೆ.

ಬುಗುರಿಯೂ ಮನುಷ್ಯನೂ

ತಿರುಗುವುದೆಂದರೆ ಬುಗುರಿಯಂತೆ ಎಂಬ ಕಲ್ಪನೆಯೇ ಕಲಿಯುವವರನ್ನು ದಾರಿ ತಪ್ಪಿಸುವುದು. ಬುಗುರಿಗೆ ಮೊಳೆ ಒಂದೇ. ವೇಗವೇ ಅದನ್ನು ನಿಲ್ಲಿಸಿದೆ. ವೇಗ ಕುಗ್ಗಿದೊಡನೆ ಅದು ಓಲಾಡಿ ಮಲಗುತ್ತದೆ. ಮನುಷ್ಯ ಹಾಗೆ ನಿಲ್ಲುವಷ್ಟು ವೇಗವಾಗಿ ಎಂದೂ ತಿರುಗಲಾರ. ಅವನಿಗೆ ಎರಡು ಕಾಲಿವೆ, ನಡುವೆ ತಿರುಗಬಲ್ಲ ಸೊಂಟವಿದೆ. ಅವನ ಸಮತೋಲ ಇರುವುದು ವೇಗದಲ್ಲಲ್ಲ, ಮೈಭಾರದ ಕೇಂದ್ರವನ್ನು ಪಾದದ ಮೇಲಿಂದ ಆಚೆಗೆ ಹೋಗಲು ಬಿಡದ ಎಚ್ಚರದಲ್ಲಿ.

ಇದನ್ನು ಅರಿತವರು ತಿರುವನ್ನು ಸುಧಾರಿಸಲು ಮಾಡಿಸುವ ಅಭ್ಯಾಸಗಳು ತೀರ ಸರಳ. ನೆಲದ ಮೇಲೆ ಸೀಮೆಸುಣ್ಣದಿಂದ ವೃತ್ತ ಬರೆದು ಎಂಟು ಗುರುತು ಹಾಕಿ ನಿಧಾನವಾಗಿ ನಡೆಯುವುದು. ಪ್ರತಿ ಹೆಜ್ಜೆಯಲ್ಲೂ ಹಿಂದಿನ ಕಾಲಿನ ಮೇಲೆ ಒಂದು ಉಸಿರಿನಷ್ಟು ನಿಂತು, ಮುಂದಿನ ಪಾದವನ್ನು ಭಾರ ಹಾಕದೆ ಇಡಲಾಗುತ್ತದೆಯೇ ಎಂದು ನೋಡಿಕೊಳ್ಳುವುದು. ತಲೆಯ ಎತ್ತರ ಮೊದಲಿನಿಂದ ಕೊನೆಯವರೆಗೆ ಒಂದೇ ಇರುವಂತೆ ಕಾಯುವುದು, ಏಕೆಂದರೆ ತಿರುಗುವಾಗ ಮೈ ಮೇಲೆದ್ದರೆ ಮಂಡಿ ನೇರವಾಯಿತೆಂದೇ ಅರ್ಥ. ಕೊಕ್ಕೆ ಹೆಜ್ಜೆಯನ್ನು ಮಂಡಿ ಒಪ್ಪುವಷ್ಟೇ ಒಳಕ್ಕೆ ತಿರುಗಿಸಿ, ಉಳಿದದ್ದನ್ನು ಇನ್ನೊಂದು ಹೆಜ್ಜೆಗೆ ಬಿಡುವುದು. ಮೊದಲು ಪಾದ, ಆಮೇಲೆ ಸೊಂಟ, ಕೊನೆಗೆ ಭುಜ ಮತ್ತು ಕೈ ಎಂಬ ಕ್ರಮವನ್ನು ತಪ್ಪದಿರುವುದು. ಎಡಕ್ಕೆ ಎಷ್ಟು ಸುತ್ತೋ ಬಲಕ್ಕೂ ಅಷ್ಟೇ ಸುತ್ತು ನಡೆಯುವುದು, ಏಕೆಂದರೆ ಎಲ್ಲರಿಗೂ ಒಂದು ಕಡೆ ಸಲೀಸು, ಇನ್ನೊಂದು ಕಡೆ ಕಷ್ಟ. ಕಷ್ಟದ ಕಡೆಯೇ ನಿಜವಾದ ಗುರು. ವೇಗ ಎಲ್ಲಕ್ಕಿಂತ ಕೊನೆಯಲ್ಲಿ ಬರಬೇಕಾದದ್ದು. ನಿಧಾನವಾಗಿ ಮಾಡಲಾಗದ್ದನ್ನು ವೇಗವಾಗಿ ಮಾಡಿದಾಗ ತಪ್ಪು ಮುಚ್ಚಿಹೋಗುತ್ತದೆಯೇ ಹೊರತು ತಿದ್ದಿಹೋಗುವುದಿಲ್ಲ.

ಆಧುನಿಕ ವುಶು ಕ್ರೀಡೆಯಲ್ಲಿ ಕಣ್ಣು ಕೋರೈಸುವ ತಿರುವುಗಳಿವೆ ನಿಜ. 1990ರ ಬೀಜಿಂಗ್ ಏಷ್ಯನ್ ಕ್ರೀಡಾಕೂಟದಲ್ಲಿ, ನಮ್ಮ ಕಬಡ್ಡಿಯ ಜೊತೆಜೊತೆಗೇ, ವುಶು ಕೂಡ ಮೊದಲ ಬಾರಿಗೆ ಪದಕದ ಕ್ರೀಡೆಯಾಯಿತು. ಗಾಳಿಯಲ್ಲಿ 540, 720 ಡಿಗ್ರಿ ತಿರುಗುವ ಜಿಗಿತಗಳು ಅದರ ಆಕರ್ಷಣೆ. ಆದರೆ ಅಲ್ಲೂ ತೀರ್ಪುಗಾರರ ಕಣ್ಣಿರುವುದು ನೆಲ ಮುಟ್ಟುವ ಗಳಿಗೆಯ ಮೇಲೆ. ಪಾದ ಕದಲಿದರೆ, ಮೈ ಓಲಾಡಿದರೆ ಅಂಕ ಕಳೆಯುತ್ತಾರೆ. ಎಷ್ಟೇ ಎತ್ತರದಲ್ಲಿ ತಿರುಗಿದರೂ ಲೆಕ್ಕ ಚುಕ್ತಾ ಆಗುವುದು ಪಾದದಲ್ಲಿಯೇ.

ಅಡಿಗೆಮನೆಯ ತಿರುವು

ಈ ವಿದ್ಯೆ ಕಾಳಗದ ಕಣದಿಂದ ದೂರ ಸರಿದು ಈಗ ಮತ್ತೊಂದು ಕಣ ಸೇರಿದೆ. ಮುಪ್ಪಿನಲ್ಲಿ ಜನ ಬೀಳುವುದು ಬೆಟ್ಟ ಹತ್ತುವಾಗ ಅಲ್ಲ. ಯಾರೋ ಕರೆದರೆಂದು ಥಟ್ಟನೆ ಹೊರಳಿದಾಗ, ಒಲೆಯ ಮುಂದಿನಿಂದ ಪಾತ್ರೆಯ ಕಡೆಗೆ ತಿರುಗಿದಾಗ, ಬಚ್ಚಲುಮನೆಯಲ್ಲಿ ದಿಕ್ಕು ಬದಲಿಸಿದಾಗ. ತಿರುಗುವಾಗ ಬಿದ್ದವರು ಪಕ್ಕಕ್ಕೆ ಬೀಳುತ್ತಾರೆ, ಪೆಟ್ಟು ನೇರವಾಗಿ ಸೊಂಟದ ಕೀಲಿಗೆ ತಾಗುತ್ತದೆ. ಸೊಂಟದ ಮೂಳೆ ಮುರಿದ ಮೇಲೆ ಎಷ್ಟೋ ಹಿರಿಯರ ಓಡಾಟ ಅಲ್ಲಿಗೇ ನಿಂತುಹೋಗುತ್ತದೆ. ವೃದ್ಧರ ಸಮತೋಲ ಅಳೆಯಲು ಕೆನಡಾದಲ್ಲಿ 1989ರಲ್ಲಿ ರೂಪುಗೊಂಡ, ಇಂದು ಬಹಳ ಕಡೆ ಬಳಕೆಯಲ್ಲಿರುವ ಬರ್ಗ್ ಮಾಪನದಲ್ಲಿ 14 ಪರೀಕ್ಷೆಗಳಿವೆ. ನಿಂತಲ್ಲೇ ಒಂದು ಪೂರ್ಣ ಸುತ್ತು ತಿರುಗುವುದು ಅವುಗಳಲ್ಲೊಂದು. ಎಡಕ್ಕೂ ಬಲಕ್ಕೂ ತಲಾ 4 ಸೆಕೆಂಡಿನೊಳಗೆ ಭದ್ರವಾಗಿ ತಿರುಗಿದರೆ ಪೂರ್ಣ ಅಂಕ.

ಬಾಗುವಾದ ಸೋದರ ವಿದ್ಯೆಯಾದ ತೈ ಚಿಯ ಮೇಲೆ ಈ ದಿಸೆಯಲ್ಲಿ ಸಾಕಷ್ಟು ಅಧ್ಯಯನ ನಡೆದಿದೆ. ಅಮೆರಿಕದ ಅಟ್ಲಾಂಟಾದಲ್ಲಿ 70 ವರ್ಷ ದಾಟಿದ 200 ಮಂದಿಯ ಮೇಲೆ ನಡೆದು 1996ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, 15 ವಾರ ತೈ ಚಿ ಕಲಿತವರು ಮತ್ತೆ ಮತ್ತೆ ಬೀಳುವ ಅಪಾಯ ಶೇ. 47.5ರಷ್ಟು ತಗ್ಗಿತು. 2019ರಲ್ಲಿ ಕಾಕ್ರೇನ್ ಸಂಸ್ಥೆ ಹಲವು ದೇಶಗಳ ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿದಾಗ ಫಲ ಅಷ್ಟು ದೊಡ್ಡದಾಗಿ ಕಾಣಲಿಲ್ಲ. ತೈ ಚಿಯಿಂದ ಬೀಳುವ ಪ್ರಮಾಣ ಸುಮಾರು ಶೇ. 19ರಷ್ಟು ಕಡಿಮೆಯಾಗಬಹುದು ಎಂಬುದು ಅದರ ಅಂದಾಜು. ಐದರಲ್ಲಿ ಒಂದು ಬೀಳುವಿಕೆ ತಪ್ಪಿದರೂ ಅದು ಸಣ್ಣ ಮಾತಲ್ಲ. ಈ ಲೆಕ್ಕಗಳು ತೈ ಚಿಗೆ ಸಂಬಂಧಿಸಿದವು, ಬಾಗುವಾಗೆ ಹಾಗೆಯೇ ಅನ್ವಯಿಸಲಾಗದು. ಆದರೆ ಖಾಲಿ ಕಾಲು, ತುಂಬಿದ ಕಾಲು ಎಂಬ ತತ್ತ್ವ ಎರಡಕ್ಕೂ ಒಂದೇ. ಆಗಾಗ ತಲೆ ತಿರುಗುವವರು, ಮಂಡಿಗೆ ಪೆಟ್ಟಾದವರು ವೈದ್ಯರನ್ನು ಕೇಳಿಯೇ ಇಂಥ ಅಭ್ಯಾಸಕ್ಕೆ ಇಳಿಯಬೇಕು ಎಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಎರಡು ವಿದ್ಯೆಗಳ ನಡುವೆ ರಕ್ತಸಂಬಂಧವೂ ಇದೆ. ಕನ್ನಡಕದ ಚೆಂಗ್‌ನ ಶಿಷ್ಯ ಸುನ್ ಲುಟಾಂಗ್ ಮುಂದೆ ತನ್ನದೇ ತೈ ಚಿ ಶೈಲಿಯೊಂದನ್ನು ರೂಪಿಸಿದ. ಅದರಲ್ಲಿ ನಿಲುವು ಎತ್ತರ, ಹೆಜ್ಜೆ ಚಿಕ್ಕದು, ಒಂದು ಕಾಲು ಕದಲಿದರೆ ಇನ್ನೊಂದು ಹಿಂಬಾಲಿಸುತ್ತದೆ. ಬಾಗುವಾದ ನಡಿಗೆಯ ಗುರುತು ಅದರಲ್ಲಿ ಉಳಿದಿದೆ. 1997ರಲ್ಲಿ ಆಸ್ಟ್ರೇಲಿಯಾದಲ್ಲಿ ಸಂಧಿವಾತದ ರೋಗಿಗಳಿಗೆಂದು ತೈ ಚಿ ಅಭ್ಯಾಸಕ್ರಮವೊಂದನ್ನು ಸಿದ್ಧಪಡಿಸಿದಾಗ ಆರಿಸಿಕೊಂಡದ್ದು ಈ ಸುನ್ ಶೈಲಿಯನ್ನೇ. ಗುಂಡಿನ ಮುಂದೆ ಸೋತ ಹೆಜ್ಜೆ, ಒಂದು ಶತಮಾನದ ಬಳಿಕ, ಕೀಲುನೋವಿನ ಅಜ್ಜಿಯರಿಗೆ ಊರುಗೋಲಾಯಿತು.

ಡಾಂಗ್ ಹೈಚುವಾನ್‌ನ ಸಮಾಧಿಗೂ ಒಂದೆಡೆ ನಿಲ್ಲುವ ಭಾಗ್ಯವಿರಲಿಲ್ಲ. ಸಾಂಸ್ಕೃತಿಕ ಕ್ರಾಂತಿಯ ವರ್ಷಗಳಲ್ಲಿ ಹಳೆಯ ವಿದ್ಯೆಗಳಿಗೆಲ್ಲ ಕುತ್ತು ಬಂದಿತ್ತು. ಗುರುಗಳು ಬಾಯಿ ಮುಚ್ಚಿ ಕುಳಿತರು, ಸಮಾಧಿಯೂ ಮಣ್ಣುಪಾಲಾಯಿತು. ಆ ಕಾಲ ಕಳೆದ ಮೇಲೆ, 1980ರ ಸುಮಾರಿಗೆ, ಶಿಷ್ಯಪರಂಪರೆಯವರು ಅದನ್ನು ಹುಡುಕಿ ತೆಗೆದು ಬೀಜಿಂಗ್‌ನ ಪಶ್ಚಿಮಕ್ಕಿರುವ ವಾನ್‌ಆನ್ ಸ್ಮಶಾನಕ್ಕೆ ಸ್ಥಳಾಂತರಿಸಿದರು. ಮರಗಳ ಬುಡದ ಬಳೆಯಾಕಾರದ ದಾರಿಗಳೂ ಮತ್ತೆ ಮೂಡಿದವು.

ಇಂದು ಆ ದಾರಿಯಲ್ಲಿ ಸುತ್ತುವವರಲ್ಲಿ ಎದುರಾಳಿಯನ್ನು ಕೆಡಹುವ ಉದ್ದೇಶದವರು ವಿರಳ. ತಾವು ಬೀಳಬಾರದು ಎಂಬಷ್ಟೇ ಹಲವರ ಆಸೆ. ಗಾಣದೆತ್ತು ಎಷ್ಟು ಸುತ್ತಿದರೂ ಇದ್ದಲ್ಲೇ ಇರುತ್ತದೆ ಎಂದು ಕನಿಕರಪಡುವುದುಂಟು. ಆದರೆ ಎಣ್ಣೆ ಇಳಿಯುವುದು ಆ ಸುತ್ತಿನಿಂದಲೇ.